ಎಲುಬಿನ ಠೇವಣಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಯೇ ಕೂದಲು ಬೆಳ್ಳಗಾಗಿ ನಿವೃತ್ತನಾದವನು ನಾನು. ವೈದ್ಯನಲ್ಲ, ವಿಜ್ಞಾನವನ್ನು ಕ್ರಮವಾಗಿ ಓದಿದವನೂ ಅಲ್ಲ. ಅಂಥವನು ಎಲುಬಿನ ಸಾಂದ್ರತೆಯನ್ನು ಅಳೆಯುವ ವಿದ್ಯೆ ಬೆಳೆದುಬಂದ ಚರಿತ್ರೆಯನ್ನು ಹೇಳಹೊರಟರೆ, ಇವನಿಗೇಕೆ ಈ ಉಸಾಬರಿ ಎಂದು ಶ್ರೋತೃಗಳು ಕೇಳಬಹುದು. ಉಡುಪಿಯವರು ಹಾಗೆ ಕೇಳಲಾರರೆಂದು ನನ್ನ ನಂಬಿಕೆ. ನಮ್ಮದು ವೈದ್ಯರೊಬ್ಬರು ಬ್ಯಾಂಕು ಕಟ್ಟಿದ ಊರು. ಮದರಾಸಿನಲ್ಲಿ ವೈದ್ಯಕೀಯ ಓದಿ ಬಂದು ಉಡುಪಿಯಲ್ಲಿ ರೋಗಿಗಳ ನಾಡಿ ಹಿಡಿಯುತ್ತಿದ್ದ ಡಾಕ್ಟರ್ ಟಿ. ಎಂ. ಎ. ಪೈಗಳು 1925ರಲ್ಲಿ ತಮ್ಮ ಅಣ್ಣ ಉಪೇಂದ್ರ ಪೈಗಳೊಡನೆಯೂ ವಾಮನ ಕುಡ್ವರೊಡನೆಯೂ ಕೂಡಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ವೈದ್ಯರು ಬ್ಯಾಂಕು ನಡೆಸಬಹುದಾದರೆ, ಬ್ಯಾಂಕಿನವನೊಬ್ಬ ಕಾಲು ಗಂಟೆ ಎಲುಬಿನ ಮಾತಾಡಿದರೆ ಅಪಚಾರವಾಗಲಾರದು.

ನಿಜವಾದ ಕಾರಣ ಬೇರೆಯೇ ಇದೆ. 1988ರ ಆಟಿ ತಿಂಗಳಲ್ಲಿ, ಕಾರ್ಕಳದ ನಮ್ಮ ಮನೆಯಲ್ಲಿ, ನನ್ನ ತಾಯಿ ಬಚ್ಚಲಿನ ಹೊಸ್ತಿಲು ದಾಟುವಾಗ ಕಾಲು ಜಾರಿ ಕುಸಿದು ಕುಳಿತರು. ಬಿದ್ದರು ಎಂದು ಹೇಳುವಷ್ಟು ದೊಡ್ಡ ಬೀಳುವಿಕೆಯೂ ಅದಲ್ಲ. ಕೈಯಲ್ಲಿದ್ದ ತಂಬಿಗೆಯ ನೀರು ಕೂಡ ಪೂರ್ತಿ ಚೆಲ್ಲಿರಲಿಲ್ಲ. ಆದರೆ ತೊಡೆಯೆಲುಬಿನ ಕತ್ತು ಮುರಿದಿತ್ತು. ಆಗ ಅವರಿಗೆ 70 ವರ್ಷ. ಮತ್ತೆ ಅವರು ಎದ್ದು ಅಂಗಳಕ್ಕೆ ಬರಲಿಲ್ಲ. ಮುಂದಿನ ಬಿಸು ಹಬ್ಬಕ್ಕೆ ಮೊದಲೇ ತೀರಿಕೊಂಡರು. ಸಾವಿನ ಕಾರಣವನ್ನು ಎಲ್ಲರೂ ‘ವಯಸ್ಸು’ ಎಂದರು. ನಾನೂ ಹಾಗೆಯೇ ಎಂದೆ.

ಒಬ್ಬರು ಮಾತ್ರ ಹಾಗೆನ್ನಲಿಲ್ಲ. ಅಮ್ಮನನ್ನು ನೋಡಿದ ಎಲುಬಿನ ವೈದ್ಯರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುರಿಯದೆ ಉಳಿದಿದ್ದ ಇನ್ನೊಂದು ತೊಡೆಯ ಕಡೆ ಬೆರಳಿಟ್ಟು ತೋರಿಸಿದರು. “ಇಲ್ಲಿ ಕಮಾನಿನ ಹಾಗೆ ಗೆರೆಗಳು ಕಾಣಬೇಕು. ಕಾಣುತ್ತವೆಯೇ?” ಎಂದರು. ನನಗೆ ಒಂದೆರಡು ಮಸುಕು ಗೆರೆಗಳಲ್ಲದೆ ಏನೂ ಕಾಣಲಿಲ್ಲ. “ಮಾಡಿನ ಪಕ್ಕಾಸುಗಳು ಹೋಗಿವೆ, ಬರಿಯ ಹಂಚು ನಿಂತಿದೆ” ಎಂದು ಅವರು ಹಾಳೆಯನ್ನು ಲಕೋಟೆಗೆ ಸೇರಿಸಿದರು. ಮನೆಯ ಮಾಡು ಹೀಗೆ ಒಳಗಿಂದೊಳಗೆ ಟೊಳ್ಳಾಗುತ್ತ ಬಂದಿರುವಾಗ ಮನೆಯವರಾದ ನಮಗೆ ಗೊತ್ತಾಗದೆ ಹೋದದ್ದು ಹೇಗೆ ಎಂಬ ಪ್ರಶ್ನೆ ಅಂದು ಹುಟ್ಟಿತು. ಅದರ ಉತ್ತರವನ್ನು ಹುಡುಕುತ್ತ ಓದಿದ್ದರ ಒಂದಂಶವೇ ಈ ಮಾತು.

ಎಲುಬಿನ ಬಗೆಗೆ ನಮ್ಮ ಪ್ರಾಚೀನರು ಸುಮ್ಮನಿರಲಿಲ್ಲ. ಶರೀರದಲ್ಲಿ 360 ಅಸ್ಥಿಗಳಿವೆಯೆಂದು ಚರಕಸಂಹಿತೆ ಹೇಳಿದರೆ, ಶಲ್ಯಶಾಸ್ತ್ರದ ಸುಶ್ರುತ 300 ಎನ್ನುತ್ತಾನೆ. ಹಲ್ಲು ಮೊದಲಾದವನ್ನೂ ಸೇರಿಸಿದ ಲೆಕ್ಕ ಅದು. ಇಂದಿನ ಶರೀರಶಾಸ್ತ್ರದ ಎಣಿಕೆ 206. ಅಸ್ಥಿಕ್ಷಯವೆಂಬ ಮಾತೂ ಆಯುರ್ವೇದದಲ್ಲಿದೆ. ಆದರೆ ಎಣಿಸುವುದು ಬೇರೆ, ತೂಗುವುದು ಬೇರೆ. ಬದುಕಿರುವವರ ಮೈಯೊಳಗಿನ ಎಲುಬನ್ನು ತೂಗುವ ತಕ್ಕಡಿ ಎಲ್ಲಿಯೂ ಇರಲಿಲ್ಲ.

ಪಶ್ಚಿಮದಲ್ಲಿಯೂ ಮೊದಲು ಕಣ್ಣಿಗೆ ಬಿದ್ದದ್ದು ಮುರಿತವೇ. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತೊಡೆಯೆಲುಬಿನ ಕತ್ತು ಮುರಿಯುವುದು ಹೆಚ್ಚಾಗಿ ಮುದುಕಿಯರಿಗೆ ಎಂಬುದನ್ನೂ, ಕಾಲುದಾರಿಯ ಅಂಚಿನಿಂದ ಕಾಲು ಜಾರಿದಷ್ಟೇ ಕಾರಣಕ್ಕೆ ಅದು ಆಗಿಬಿಡುತ್ತದೆ ಎಂಬುದನ್ನೂ ಬರೆದಿಟ್ಟ. ವೃದ್ಧರ ಎಲುಬು ಹಗುರ, ಮೆದು ಎಂಬುದನ್ನೂ ಅವನು ಬಲ್ಲ. ಕಾರ್ಕಳದ ಬಚ್ಚಲಿಗೂ ಲಂಡನ್ನಿನ ಕಾಲುದಾರಿಗೂ ಅಂತರವೇನೂ ಇಲ್ಲವೆಂದು ಅದನ್ನು ಓದಿದಾಗ ನನಗೆ ತೋರಿತು. ಅದೇ ಕಾಲದ ಆಸುಪಾಸಿನಲ್ಲಿ ಸ್ಟ್ರಾಸ್‌ಬರ್ಗಿನ ಲೋಬ್‌ಸ್ಟೈನ್ ಎಂಬ ರೋಗಶಾಸ್ತ್ರಜ್ಞ ರಂಧ್ರಮಯವಾದ ಇಂಥ ಎಲುಬಿಗೆ ಆಸ್ಟಿಯೊಪೊರೋಸಿಸ್ ಎಂಬ ಹೆಸರಿಟ್ಟ. ಕನ್ನಡದಲ್ಲಿ ಇದನ್ನು ಅಸ್ಥಿರಂಧ್ರತೆ ಎಂದಿದ್ದಾರೆ. ಆಡುಮಾತಿನಲ್ಲಿ ‘ಎಲುಬು ಸವೆತ’ ಎನ್ನುವುದುಂಟು. ಆದರೆ ಮೊಣಗಂಟು ತೇಯ್ದು ನೋಯುವುದಕ್ಕೂ ಜನ ಇದೇ ಮಾತನ್ನು ಬಳಸುವುದರಿಂದ ಎಡವಟ್ಟಾಗುತ್ತದೆ. ಗಂಟಿನ ಸವೆತ ಹೆಜ್ಜೆಹೆಜ್ಜೆಗೂ ನೋಯಿಸಿ ತನ್ನ ಇರವನ್ನು ತಿಳಿಸುತ್ತದೆ. ಅಸ್ಥಿರಂಧ್ರತೆ ಮುರಿಯುವ ತನಕ ನೋಯಿಸುವುದಿಲ್ಲ. ಅದರ ಅಪಾಯವೆಲ್ಲ ಈ ಮೌನದಲ್ಲಿದೆ.

ಪಕ್ಕಾಸಿನ ಮಾತು ಬಂತಲ್ಲ, ಅದಕ್ಕೂ ಒಂದು ಚರಿತ್ರೆಯಿದೆ. 1866ರ ಸುಮಾರಿಗೆ ಜೂರಿಕ್ ನಗರದಲ್ಲಿ ಮೇಯರ್ ಎಂಬ ಶರೀರಶಾಸ್ತ್ರಜ್ಞ, ಸೀಳಿದ ತೊಡೆಯೆಲುಬಿನೊಳಗಿನ ಜಾಲರಿಯಂತಹ ರಚನೆಯನ್ನು ಚಿತ್ರಿಸಿ ತೋರಿಸಿದ. ಅದನ್ನು ನೋಡಿದ ಕುಲ್ಮನ್ ಎಂಬ ಎಂಜಿನಿಯರನಿಗೆ ಆಶ್ಚರ್ಯವಾಯಿತು. ಭಾರ ಎತ್ತುವ ಕ್ರೇನಿನಲ್ಲಿ ಒತ್ತಡ ಎಲ್ಲೆಲ್ಲಿ ಹಾದುಹೋಗುತ್ತದೆಂದು ತಾನು ಲೆಕ್ಕಹಾಕಿ ಎಳೆಯುತ್ತಿದ್ದ ಗೆರೆಗಳೇ ಅಲ್ಲಿದ್ದವು! ಭಾರ ಬೀಳುವ ದಿಕ್ಕಿನಲ್ಲಿ ಎಲುಬು ತನ್ನ ಪಕ್ಕಾಸುಗಳನ್ನು ಕಟ್ಟಿಕೊಳ್ಳುತ್ತದೆ, ಭಾರ ತಪ್ಪಿದರೆ ಕಳಚಿಹಾಕುತ್ತದೆ ಎಂಬ ನಿಯಮವನ್ನು ಜರ್ಮನಿಯ ಜೂಲಿಯಸ್ ವೂಲ್ಫ್ 1892ರಲ್ಲಿ ವಿಸ್ತರಿಸಿ ಬರೆದ. ಎಲುಬು ಕಲ್ಲಲ್ಲ, ಸದಾ ಕಟ್ಟುತ್ತ ಕೆಡಹುತ್ತ ಇರುವ ಸಜೀವ ವಸ್ತು ಎಂಬ ತಿಳಿವಳಿಕೆ ಹೀಗೆ ಬಲಗೊಂಡಿತು. ಮೂರು ವರ್ಷಗಳ ಬಳಿಕ, 1895ರ ನವೆಂಬರಿನಲ್ಲಿ, ರಾಂಟ್‌ಜೆನ್ ಎಕ್ಸ್ ಕಿರಣವನ್ನು ಕಂಡ. ಡಿಸೆಂಬರಿನಲ್ಲಿ ಹೆಂಡತಿಯ ಕೈಯ ಎಲುಬುಗಳನ್ನು ಉಂಗುರ ಸಮೇತ ಚಿತ್ರ ತೆಗೆದ. ಇನ್ನು ಎಲುಬಿನ ಗುಟ್ಟು ಬಯಲಾಯಿತೆಂದು ಲೋಕವೆಲ್ಲ ಅಂದುಕೊಂಡಿತು. ಆದರೆ ಎಕ್ಸ್‌ರೇ ಹಾಳೆಗೆ ಒಂದು ದೊಡ್ಡ ಕೊರತೆಯಿತ್ತು. ಎಲುಬಿನ ಸುಮಾರು ನೂರಕ್ಕೆ 30 ಭಾಗ ಕರಗಿಹೋಗುವ ತನಕ ಆ ನಷ್ಟ ಬರಿಗಣ್ಣಿಗೆ ಹಾಳೆಯಲ್ಲಿ ಕಾಣುವುದಿಲ್ಲ. ಮೂರರಲ್ಲಿ ಒಂದು ಪಾಲು ಬಂಡವಾಳ ಮುಳುಗಿದ ಮೇಲೆ ಎಚ್ಚರಿಸುವ ಲೆಕ್ಕಪರಿಶೋಧಕನನ್ನು ಯಾವ ಬ್ಯಾಂಕು ತಾನೇ ಇಟ್ಟುಕೊಂಡೀತು?

ಬ್ಯಾಂಕಿನ ಮಾತನ್ನು ನಾನು ವೃತ್ತಿಯ ಚಟದಿಂದ ಎಳೆದು ತರುತ್ತಿಲ್ಲ. ಪ್ರೌಢವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿ. ಉಳಿದ ಒಂದು ಪಾಲಿನಲ್ಲಿ ಅತ್ಯಲ್ಪ ಭಾಗ ರಕ್ತದಲ್ಲಿ ಓಡಾಡುತ್ತದೆ. ಆ ಅಲ್ಪಭಾಗ ಏರುಪೇರಾದರೆ ಹೃದಯ, ನರ, ಸ್ನಾಯುಗಳ ಕೆಲಸ ಕೆಡುತ್ತದೆ. ಆದ್ದರಿಂದ ಊಟದಲ್ಲಿ ಕಡಿಮೆ ಬಿದ್ದ ದಿನ, ಕೊರಳಿನಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳು ಚೀಟಿ ಬರೆದು ಎಲುಬಿನ ಠೇವಣಿಯಿಂದ ಹಣ ತೆಗೆಸುತ್ತವೆ. ರಕ್ತವೆಂಬುದು ಚಾಲ್ತಿ ಖಾತೆ, ಎಲುಬು ಠೇವಣಿ ಖಾತೆ. ಚಾಲ್ತಿ ಖಾತೆ ಒಂದು ದಿನವೂ ಬರಿದಾಗಬಾರದು; ಅದಕ್ಕಾಗಿ ಠೇವಣಿ ಎಷ್ಟು ಕರಗಿದರೂ ದೇಹ ಚಿಂತಿಸುವುದಿಲ್ಲ.

ಉಡುಪಿಯಲ್ಲಿ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ 1906ರಲ್ಲಿಯೇ ಇಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಹುಟ್ಟಿತ್ತು. ಪೈಗಳ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟರು ಮನೆಬಾಗಿಲಿಗೆ ಬಂದು ಪಡೆದು ಪುಸ್ತಕದಲ್ಲಿ ಬರೆದುಕೊಳ್ಳುವರು. (2020ರ ಏಪ್ರಿಲ್ 1ರಂದು ಆ ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಅದು ನನ್ನಂಥವರ ಮನೆಯೊಳಗಿನ ಸೂತಕ, ಇಲ್ಲಿ ಬೇಡ.) ಅಮ್ಮ ವರ್ಷಾನುಗಟ್ಟಲೆ ದಿನಕ್ಕೆ ನಾಲ್ಕಾಣೆ ಪಿಗ್ಮಿಗೆ ಹಾಕಿ, ತಂಗಿಯ ಮದುವೆಗೆ ಅದನ್ನು ಬಿಡಿಸಿಕೊಂಡರು. ಎಲುಬು ಕೂಡ ಹೀಗೆಯೇ ಬಾಲ್ಯದಿಂದ 30ರ ಆಸುಪಾಸಿನವರೆಗೆ ಚಿಕ್ಕ ಚಿಕ್ಕ ಮೊತ್ತವಾಗಿ ಜಮೆಯಾಗುತ್ತದೆ. ಅನಂತರ ಜಮೆಗಿಂತ ಖರ್ಚೇ ಮುಂದು. ಹೆಣ್ಣಿನಲ್ಲಿ ಮುಟ್ಟು ನಿಂತ ಮೇಲಿನ ಐದಾರು ವರ್ಷಗಳಲ್ಲಂತೂ ಖರ್ಚಿಗೆ ಲಂಗುಲಗಾಮಿಲ್ಲ. ಮುಟ್ಟು ನಿಲ್ಲುವುದಕ್ಕೂ ಎಲುಬು ಕರಗುವುದಕ್ಕೂ ಇರುವ ಈ ನಂಟನ್ನು ಬಾಸ್ಟನ್ನಿನ ವೈದ್ಯ ಫುಲರ್ ಆಲ್‌ಬ್ರೈಟ್ 1941ರಲ್ಲಿ ಎತ್ತಿ ಹೇಳಿದ. ಅಲ್ಲಿಯವರೆಗೆ ಮುದುಕಿಯರ ಗೂನುಬೆನ್ನು ರೋಗವೆಂದು ಗಣನೆಗೆ ಬಂದದ್ದು ಕಡಿಮೆ.

ನಮ್ಮ ದೇಶದಲ್ಲಿ ಹೆಂಗಸರ ಎಲುಬಿನ ಕಡೆಗೆ ಮೊದಲು ಗಮನ ಹರಿದದ್ದು ಕತ್ತಲೆಯ ಕೋಣೆಗಳಿಂದ. ಕಾಶ್ಮೀರದಲ್ಲಿ ಕೆಲಸ ಮಾಡಿದ ಕ್ಯಾಥಲೀನ್ ವಾನ್ ಎಂಬ ವೈದ್ಯೆ, ಗೋಷೆಯಲ್ಲಿ ಬಿಸಿಲು ಕಾಣದೆ ಬದುಕುವ ತಾಯಂದಿರ ಎಲುಬು ಮೆದುವಾಗಿ ಸೊಂಟದ ಗೂಡು ಸೊಟ್ಟಗಾಗಿ ಹೆರಿಗೆಯೇ ಪ್ರಾಣಾಂತಿಕವಾಗುವುದನ್ನು ಕಂಡು 1928ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಅದರ ಬೆನ್ನಿಗೇ ಕಾಂಗ್ಡಾ ಕಣಿವೆಯಲ್ಲಿ ಡ್ಯಾಗ್ಮರ್ ವಿಲ್ಸನ್ ಇದೇ ವ್ಯಾಧಿಯನ್ನು ಶೋಧಿಸಿದಳು. ಇದು ಅಸ್ಥಿರಂಧ್ರತೆಯಲ್ಲ, ಅದರ ನೆರೆಮನೆಯದು: ರಂಧ್ರತೆಯಲ್ಲಿ ಎಲುಬೇ ಕಡಿಮೆ, ಇದರಲ್ಲಿ ಎಲುಬಿದೆ, ಅದಕ್ಕೆ ಹಿಡಿಯಬೇಕಾದ ಖನಿಜವಿಲ್ಲ. ಬಿಸಿಲಿನಿಂದ ಚರ್ಮದಲ್ಲಿ ಉಂಟಾಗುವ ಡಿ ಜೀವಸತ್ವ ದೊರೆಯದಿದ್ದರೆ ಹೀಗಾಗುತ್ತದೆ. ಎರಡೂ ಒಬ್ಬಳಲ್ಲಿಯೇ ಕೂಡಿರಬಹುದು.

ಈ ಇಬ್ಬರೂ ಹೆಂಗಸರು ಎಂಬುದನ್ನು ಗಮನಿಸಬೇಕು. ಗಂಡಸು ವೈದ್ಯನ ಮುಂದೆ ಆ ಕಾಲದ ಹೆಂಗಸು ತನ್ನ ಸೊಂಟನೋವನ್ನು ಹೇಳಿಕೊಳ್ಳುತ್ತಿರಲಿಲ್ಲ. ಉಡುಪಿಗೆ ಅಂಥ ವೈದ್ಯೆಯೊಬ್ಬಳು ಬಂದದ್ದು 1923ರಲ್ಲಿ. ಬಾಸೆಲ್ ಮಿಷನ್ನಿನ ಡಾಕ್ಟರ್ ಈವಾ ಲೊಂಬಾರ್ಡ್ ಆ ವರ್ಷ ಇಲ್ಲಿ ಆಸ್ಪತ್ರೆ ತೆರೆದರು. ಅದು ಈಗ ಅವರ ಹೆಸರನ್ನೇ ಹೊತ್ತಿದೆ, ಜನರ ಬಾಯಲ್ಲಿ ಮಾತ್ರ ಇಂದಿಗೂ ಮಿಷನ್ ಆಸ್ಪತ್ರೆ. ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ನೆಲದಲ್ಲಿ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆ ಎದ್ದಿತು. 1953ರಲ್ಲಿ, ಮುಳಿಹುಲ್ಲು ಬೆಳೆದಿದ್ದ ಮಣಿಪಾಲದ ಗುಡ್ಡಕ್ಕೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು. ಇಷ್ಟೆಲ್ಲ ನಮ್ಮ ಮನೆಯಿಂದ ಒಂದು ಬಸ್ಸಿನ ದಾರಿಯಲ್ಲಿತ್ತು. ಅಮ್ಮ ಮೂರು ಹೆರಿಗೆಗೆ, ಒಂದು ವಿಷಮಶೀತ ಜ್ವರಕ್ಕೆ ವೈದ್ಯರನ್ನು ಕಂಡಿದ್ದರು. ಬೆನ್ನಿಗೆಂದು ಒಮ್ಮೆಯೂ ಕಂಡವರಲ್ಲ. ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಳೆಯುವ ವಿದ್ಯೆ ನಿಜವಾಗಿ ಹುಟ್ಟಿದ್ದು 1963ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಜಾನ್ ಕ್ಯಾಮರಾನ್ ಮತ್ತು ಜೇಮ್ಸ್ ಸೊರೆನ್‌ಸನ್, ವಿಕಿರಣಶೀಲ ಅಯೊಡಿನ್ನಿನಿಂದ ಹೊರಡುವ ಸಣ್ಣ ಕಿರಣವನ್ನು ಮುಂದೋಳಿನ ಮೂಲಕ ಹಾಯಿಸಿ, ಆಚೆಗೆ ಎಷ್ಟು ದಾಟಿತೆಂದು ಎಣಿಸಿದರು. ದಾಟದೆ ಉಳಿದದ್ದೆಷ್ಟೋ ಅಷ್ಟು ಎಲುಬು. ಸರಳವಾದ ಈ ಯುಕ್ತಿಯಿಂದ, ಕಣ್ಣಿನ ಅಂದಾಜಿದ್ದ ಜಾಗಕ್ಕೆ ಅಂಕಿ ಬಂತು. ಆದರೆ ಅದು ಕೈಗೆ ಮಾತ್ರ ಸಲ್ಲುತ್ತಿತ್ತು. ಮುರಿದು ಪ್ರಾಣಕ್ಕೆ ತರುವ ಸೊಂಟ, ಬೆನ್ನೆಲುಬುಗಳ ಮೇಲೆ ಮಾಂಸ ಕೊಬ್ಬುಗಳ ಹೊದಿಕೆ ದಪ್ಪ. ಎರಡು ಬಗೆಯ ಶಕ್ತಿಯ ಕಿರಣಗಳನ್ನು ಒಟ್ಟಿಗೆ ಹಾಯಿಸಿ, ಒಂದರ ಲೆಕ್ಕದಿಂದ ಇನ್ನೊಂದರ ಲೆಕ್ಕ ಕಳೆದು, ಮಾಂಸದ ಪಾಲನ್ನು ತೆಗೆದುಹಾಕುವ ಉಪಾಯ ಅನಂತರ ಬಂತು. ಕಿರಣದ ಮೂಲವಾಗಿ ವಿಕಿರಣ ವಸ್ತುವಿನ ಬದಲು ಎಕ್ಸ್‌ರೇ ಕೊಳವೆಯನ್ನೇ ಇಟ್ಟ ಯಂತ್ರ 1987ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಇದೇ ಇಂದು ಆಸ್ಪತ್ರೆಗಳಲ್ಲಿ ಡೆಕ್ಸಾ ಎಂದು ಕರೆಯುವ ಪರೀಕ್ಷೆ. ಎದೆಯ ಒಂದು ಎಕ್ಸ್‌ರೇಗಿಂತಲೂ ಕಡಿಮೆ ಕಿರಣ, ಹತ್ತು ಹದಿನೈದು ನಿಮಿಷದ ಕೆಲಸ. ಅದು ಬಂದ ಮರುವರ್ಷ ಅಮ್ಮ ಬಿದ್ದರು. ಅದು ನಮ್ಮ ಕಡೆಗೆ ಬರಲು ಇನ್ನೂ ಕಾಲವಿತ್ತು.

ಹಾಗಾದರೆ ಆ ದಿನ ಕಿಟಕಿಯ ಬೆಳಕಿನಲ್ಲಿ ವೈದ್ಯರು ನೋಡಿದ್ದೇನು? ಅದು ನಮ್ಮವರೇ ಕೊಟ್ಟ ಒಂದು ಅಳತೆ. ಸಿಂಗ್, ನಗ್ರಥ್, ಮೈನಿ ಎಂಬ ಮೂವರು ಭಾರತೀಯ ವೈದ್ಯರು 1970ರಲ್ಲಿ, ತೊಡೆಯೆಲುಬಿನ ತುದಿಯ ಆ ಪಕ್ಕಾಸಿನ ಗೆರೆಗಳು ಯಾವ ಕ್ರಮದಲ್ಲಿ ಒಂದೊಂದಾಗಿ ಅಳಿಸಿಹೋಗುತ್ತವೆಂಬುದನ್ನು ಗುರುತಿಸಿ ಆರು ಮೆಟ್ಟಿಲುಗಳನ್ನು ಮಾಡಿದರು. ಆರನೆಯದು ಗಟ್ಟಿ ಎಲುಬು, ಒಂದನೆಯದು ತೀರ ಟೊಳ್ಳು. ಸಿಂಗ್ ಸೂಚ್ಯಂಕವೆಂದು ಲೋಕವೆಲ್ಲ ಅದನ್ನು ಬಳಸಿತು. ಸಾಧಾರಣ ಎಕ್ಸ್‌ರೇ ಯಂತ್ರವೊಂದಿದ್ದರೆ ಸಾಕು, ಬೇರೆ ಖರ್ಚಿಲ್ಲ. ನೋಡುವವರ ಕಣ್ಣಿಗೆ ತಕ್ಕಂತೆ ಅಂಕ ಬದಲಾಗುತ್ತದೆಂಬ ದೋಷ ಅದಕ್ಕಿತ್ತು. ಡೆಕ್ಸಾ ಬಂದ ಮೇಲೆ ಹಿಂದೆ ಸರಿಯಿತು. ಬಡ ದೇಶದ ಬುದ್ಧಿ ಬಡ ದೇಶಕ್ಕೆ ಒದಗುವಂತೆ ಮಾಡಿದ ಕೆಲಸವೆಂದು ನನಗೆ ಅದರ ಮೇಲೆ ಗೌರವ. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಸಾಲನ್ನಾದರೂ ಕೊಡಬಾರದೆ?

ಯಂತ್ರ ಬಂದದ್ದೇನೋ ಸರಿ, ಗೆರೆ ಎಲ್ಲಿ ಎಳೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರು 1992ರಲ್ಲಿ ರೋಮಿನಲ್ಲಿ ಸೇರಿ ಚರ್ಚಿಸಿದರು. 1994ರಲ್ಲಿ ವರದಿ ಹೊರಬಂತು. ಆರೋಗ್ಯವಂತ ತರುಣಿಯರ ಸರಾಸರಿ ಸಾಂದ್ರತೆಯನ್ನು ಸೊನ್ನೆಯೆಂದು ಇಟ್ಟುಕೊಳ್ಳಿ. ಜನಜನರ ನಡುವೆ ಸಹಜವಾಗಿರುವ ಏರಿಳಿತವನ್ನು ಒಂದು ಮೆಟ್ಟಿಲಿನ ಅಳತೆಯಾಗಿ ಹಿಡಿಯಿರಿ. ಆ ಸೊನ್ನೆಯಿಂದ ಎರಡೂವರೆ ಮೆಟ್ಟಿಲು ಕೆಳಗಿಳಿದರೆ ಅಸ್ಥಿರಂಧ್ರತೆ. ಒಂದರಿಂದ ಎರಡೂವರೆಯ ನಡುವೆ ಇದ್ದರೆ ಆಸ್ಟಿಯೊಪೀನಿಯ, ಅಂದರೆ ಎಲುಬು ಕಡಿಮೆ. ಟಿ-ಅಂಕವೆಂದು ಆಸ್ಪತ್ರೆಯ ಚೀಟಿಯಲ್ಲಿ ಬರುವುದು ಇದೇ. ಈ ನಡುವಿನ ಪಟ್ಟಿ ಜನಸಮುದಾಯಗಳ ಅಧ್ಯಯನದ ಅನುಕೂಲಕ್ಕಾಗಿ ಗುರುತಿಸಿದ್ದೇ ಹೊರತು ರೋಗವೆಂದಲ್ಲ. ಲೆಕ್ಕದ ಪ್ರಕಾರವೇ ನೋಡಿದರೂ ಆರೋಗ್ಯವಂತ ತರುಣಿಯರಲ್ಲಿ ಆರರಲ್ಲಿ ಒಬ್ಬಳು ಆ ಪಟ್ಟಿಯೊಳಗೆ ಬಿದ್ದೇ ಬೀಳುತ್ತಾಳೆ. ಆದರೆ ಹೆಸರು ಸಿಕ್ಕ ಮೇಲೆ ಅದು ರೋಗವಾಗದೆ ಇರುತ್ತದೆಯೆ? 1995ರಲ್ಲಿ ಅಲೆಂಡ್ರೊನೇಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ನೀರಿನ ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ತಡೆಯುವ ರಾಸಾಯನಿಕಗಳ ವಂಶಕ್ಕೆ ಸೇರಿದ, ನಿಜವಾಗಿಯೂ ಮುರಿತವನ್ನು ತಗ್ಗಿಸುವ ಔಷಧ ಅದು. ಆ ಮಾತ್ರೆಯ ತಯಾರಕರಾದ ಮರ್ಕ್ ಕಂಪನಿಯವರು ಅದೇ ವರ್ಷ ಎಲುಬಿನ ಅಳತೆಯನ್ನು ಹಬ್ಬಿಸಲೆಂದೇ ಒಂದು ಸಂಸ್ಥೆಯನ್ನು ನಿಲ್ಲಿಸಿ, ಅಗ್ಗದ ಚಿಕ್ಕ ಯಂತ್ರಗಳು ವೈದ್ಯರ ಕೋಣೆಗಳನ್ನು ತಲುಪುವಂತೆ ನೋಡಿಕೊಂಡರು. ಅಳತೆ ಹೆಚ್ಚಿದಷ್ಟೂ ಮಾತ್ರೆ ಹೆಚ್ಚು. ವ್ಯಾಪಾರದಲ್ಲಿ ಇದು ತಪ್ಪಲ್ಲ. ಆದರೆ ಅಳೆಯುವವನ ಕೈ ಮತ್ತು ಮಾರುವವನ ಕೈ ಒಂದೇ ಆದಾಗ ಕೊಳ್ಳುವವನು ತಕ್ಕಡಿಯನ್ನು ಎರಡು ಸಲ ನೋಡುವುದು ಲೇಸು.

ಇನ್ನೊಂದು ತೊಡಕು ನಮಗೆ ವಿಶೇಷವಾದದ್ದು. ಆ ಸೊನ್ನೆ ಯಾರ ಸೊನ್ನೆ? ಅದನ್ನು ಬಿಳಿಯ ತರುಣಿಯರ ಎಲುಬಿನಿಂದ ಎತ್ತಿಕೊಂಡದ್ದು. ನಮ್ಮ ಕಡೆಯ ಹಿರಿಯರಿಗೆ ಈ ಸಂಕಟ ಅಪರಿಚಿತವಲ್ಲ. ಮೆಟ್ರಿಕ್ ಪದ್ಧತಿ ಬರುವ ಮೊದಲು ಅಕ್ಕಿಯನ್ನು ಮುಡಿ, ಕಳಸೆ, ಸೇರುಗಳಲ್ಲಿ ಅಳೆಯುತ್ತಿದ್ದಾಗ, ಕಳಸೆ ಯಾರ ಮನೆಯದು ಎಂದು ಕೇಳಿಯೇ ಗೇಣಿ ಅಕ್ಕಿಯ ಮಾತಾಡುತ್ತಿದ್ದರು. ಡೆಕ್ಸಾ ಯಂತ್ರ ಎಲುಬಿನ ನೆರಳನ್ನಷ್ಟೇ ಅಳೆಯುತ್ತದೆ, ಗಾತ್ರವನ್ನಲ್ಲ; ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಅದರ ಲೆಕ್ಕ. ಆದ್ದರಿಂದ ಒಂದೇ ಗಟ್ಟಿತನದ ಎರಡು ಎಲುಬುಗಳಲ್ಲಿ ಚಿಕ್ಕದಕ್ಕೆ ಕಡಿಮೆ ಅಂಕ ಬೀಳುತ್ತದೆ. ಐದಡಿಗೂ ಕಡಿಮೆ ಎತ್ತರದ ನಮ್ಮ ಹೆಂಗಸರಿಗೆ ಇದರಿಂದ ಎಷ್ಟು ಅನ್ಯಾಯವಾಗಬಹುದೆಂದು ಊಹಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಹಲವು ಕೇಂದ್ರಗಳಲ್ಲಿ ನಮ್ಮ ತರುಣ ತರುಣಿಯರ ಎಲುಬನ್ನು ಅಳೆದು, 2010ರಲ್ಲಿ ನಮ್ಮದೇ ಒಂದು ಸೊನ್ನೆಯನ್ನು ಸಿದ್ಧಪಡಿಸಿಕೊಟ್ಟಿತು. ಹಾಗೆಂದು ನಮ್ಮ ಎಲುಬು ಗಟ್ಟಿಯೆಂದು ಬೀಗುವಂತಿಲ್ಲ. ನಮ್ಮಲ್ಲಿ ಸೊಂಟದ ಮುರಿತ ಪಶ್ಚಿಮದವರಿಗಿಂತ ಹತ್ತು ವರ್ಷ ಮೊದಲೇ ಬರುತ್ತದೆಂಬುದು ವೈದ್ಯರ ಅನುಭವ.

ಮೂರು ವರ್ಷದ ಹಿಂದೆ, ಕಾಪುವಿನಲ್ಲಿರುವ ನನ್ನ ತಂಗಿ ಒಂದು ಸಂಜೆ ಫೋನು ಮಾಡಿದಳು. ದೀಪಸ್ತಂಭದ ಕಡೆಯ ಮನೆಗೆ ಮದುವೆಯಾಗಿ ಹೋದವಳಿಗೆ ಆಗ 67 ವರ್ಷ. ಪೇಟೆಯ ಸಭಾಭವನವೊಂದರಲ್ಲಿ ಎಲುಬಿನ ಉಚಿತ ತಪಾಸಣೆ ಶಿಬಿರವಿತ್ತಂತೆ. ಸರದಿ ನಿಂತು, ಸಣ್ಣ ಪೆಟ್ಟಿಗೆಯಂಥ ಯಂತ್ರದೊಳಗೆ ಹಿಮ್ಮಡಿಯಿಟ್ಟಳು. ಎರಡು ನಿಮಿಷದಲ್ಲಿ ಕೆಂಪು, ಹಳದಿ, ಹಸುರಿನ ಒಂದು ಚೀಟಿ ಹೊರಬಂತು. “ಅಣ್ಣ, ನನ್ನದು ಕೆಂಪಂತೆ. ಅಮ್ಮನ ಹಾಗೆಯೇ ಆಗುತ್ತದೋ ಏನೋ” ಎಂದಳು. ಧ್ವನಿ ನಡುಗುತ್ತಿತ್ತು.

ಈ ಹಿಮ್ಮಡಿಯ ಪೆಟ್ಟಿಗೆಯ ಕತೆಯೂ ಹೇಳಬೇಕಾದದ್ದೇ. ಅದರಲ್ಲಿ ಕಿರಣವಿಲ್ಲ, ಕಿವಿಗೆ ಕೇಳದ ಶಬ್ದವಿದೆ. ಶಬ್ದ ಹಿಮ್ಮಡಿಯ ಎಲುಬನ್ನು ಹಾಯುವಾಗ ಎಷ್ಟು ಕುಗ್ಗುತ್ತದೆಂಬುದರಿಂದ ಎಲುಬಿನ ಸ್ಥಿತಿಯನ್ನು ಊಹಿಸಬಹುದೆಂದು ಇಂಗ್ಲೆಂಡಿನ ಲ್ಯಾಂಗ್ಟನ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದರು. ಯಂತ್ರ ಹಗುರ, ಕಾರಿನಲ್ಲಿ ಒಯ್ಯಬಹುದು. ಹಳ್ಳಿಯ ಶಿಬಿರಕ್ಕೆ ಹೇಳಿಮಾಡಿಸಿದಂತಿದೆ. ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕೆಂದು ಆರಿಸಲು ಅದು ಸಾಕು. ಆದರೆ 1994ರ ಆ ಎರಡೂವರೆಯ ಗೆರೆ ಡೆಕ್ಸಾದ ಅಳತೆಗೆ ಎಳೆದದ್ದು, ಹಿಮ್ಮಡಿಯ ಶಬ್ದಕ್ಕಲ್ಲ. ಆ ಚೀಟಿಯೊಂದರಿಂದಲೇ ರೋಗವಿದೆಯೆಂದೂ ಹೇಳಬಾರದು, ಇಲ್ಲವೆಂದೂ ಹೇಳಬಾರದು. ಬಾಗಿಲು ತಟ್ಟುವ ಪಿಗ್ಮಿ ಏಜೆಂಟರ ಪುಸ್ತಕ ಅದು, ಬ್ಯಾಂಕಿನ ಲೆಡ್ಜರಲ್ಲ. ತಂಗಿಗೆ ಇಷ್ಟನ್ನು ಹೇಳಿ, ಮರುವಾರ ಅವಳನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ.

ಡೆಕ್ಸಾ ಆಯಿತು. ಅಂಕ ಎರಡೂವರೆಯ ಗೆರೆಗೆ ತಾಗಿರಲಿಲ್ಲ, ತುಸು ಮೇಲೆಯೇ ಇತ್ತು. ನನಗೆ ಜೀವ ಬಂದಂತಾಯಿತು. ಆದರೆ ವೈದ್ಯೆ ಕಾಗದವನ್ನು ಬದಿಗಿಟ್ಟು ಪ್ರಶ್ನೆ ಕೇಳತೊಡಗಿದರು. ಹಿಂದೆ ಎಂದಾದರೂ ಎಲುಬು ಮುರಿದದ್ದುಂಟೇ? ಉಬ್ಬಸಕ್ಕೋ ಮೈಕೈ ನೋವಿಗೋ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡದ್ದುಂಟೇ? ಕೊನೆಗೆ, “ತಂದೆಗೋ ತಾಯಿಗೋ ಸೊಂಟದ ಹತ್ತಿರ ಎಲುಬು ಮುರಿದಿತ್ತೇ?” ಎಂದರು.

ನಾವಿಬ್ಬರೂ ಒಮ್ಮೆಲೇ ಹೌದೆಂದೆವು.

ಗೆರೆಯ ಮೇಲಿದ್ದರೆ ಕ್ಷೇಮ ಎಂಬುದು ನನ್ನ ಭ್ರಮೆಯಾಗಿತ್ತು. ಎಲುಬು ಮುರಿದುಕೊಂಡ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಅಂಕ ಆ ಗೆರೆಯ ಮೇಲೆಯೇ ಇರುತ್ತದೆ. ಆದ್ದರಿಂದ ಸಾಂದ್ರತೆಯೊಂದನ್ನೇ ನೋಡದೆ, ವಯಸ್ಸು, ಹಿಂದಿನ ಮುರಿತ, ಹೊಗೆಸೊಪ್ಪು, ಔಷಧ ಇವನ್ನೆಲ್ಲ ಕೂಡಿಸಿ ಮುಂದಿನ ಹತ್ತು ವರ್ಷಗಳಲ್ಲಿ ಮುರಿತದ ಸಂಭವವೆಷ್ಟು ಎಂದು ಲೆಕ್ಕಹಾಕುವ ಕ್ರಮವನ್ನು ಇಂಗ್ಲೆಂಡಿನ ಶೆಫೀಲ್ಡಿನ ಜಾನ್ ಕ್ಯಾನಿಸ್ ಮತ್ತವರ ಬಳಗ 2008ರಲ್ಲಿ ಕೊಟ್ಟಿತು. ಫ್ರಾಕ್ಸ್ ಎಂದು ಅದರ ಹೆಸರು. ಭಾರತಕ್ಕೂ ಅದರ ಒಂದು ಪಾಠವಿದೆ. ಅದರ ಪ್ರಶ್ನೆಗಳಲ್ಲಿ ಹೆತ್ತವರ ಸೊಂಟದ ಮುರಿತವೂ ಒಂದು. 1988ರಲ್ಲಿ ಯಾವ ದಾಖಲೆಗೂ ಸಲ್ಲದೆ, ‘ವಯಸ್ಸು’ ಎಂಬ ಒಂದು ಶಬ್ದದಲ್ಲಿ ಮುಗಿದುಹೋಗಿದ್ದ ಅಮ್ಮನ ಬೀಳುವಿಕೆ, ಅಷ್ಟು ವರ್ಷಗಳ ಮೇಲೆ ಮಗಳ ಲೆಕ್ಕದಲ್ಲಿ ಜಮೆಯಾಯಿತು. ಒಂದು ಚೌಕದೊಳಗೆ ವೈದ್ಯೆ ಗುರುತು ಹಾಕಿದ್ದನ್ನು ನಾನು ನೋಡಿದೆ. ಲೆಕ್ಕದ ಫಲ ಬದಲಾಯಿತು; ತಂಗಿಗೆ ವಾರಕ್ಕೊಂದು ಮಾತ್ರೆ ಆರಂಭವಾಯಿತು. ಬೆಳಿಗ್ಗೆ ಬರಿಹೊಟ್ಟೆಗೆ ತುಂಬು ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು.

ಆ ವೈದ್ಯೆ ಕೇಳಿದ ಇನ್ನೊಂದು ಮಾತು, ದಿನಕ್ಕೆ ಎಷ್ಟು ಹೊತ್ತು ಬಿಸಿಲಿನಲ್ಲಿರುತ್ತೀರಿ ಎಂಬುದು. ಕಡಲತೀರದವರಿಗೆ ಬಿಸಿಲಿನ ಬರವೇ ಎಂದು ನಗಬೇಡಿ. ತಿರುಪತಿಯಂಥ ಬಿಸಿಲಿನ ಊರಿನಲ್ಲಿಯೇ ಹಳ್ಳಿ ಪಟ್ಟಣಗಳೆರಡರ ಜನರಲ್ಲಿಯೂ ಡಿ ಜೀವಸತ್ವ ಸಾಲದೆಂದು ಡಾಕ್ಟರ್ ಹರಿನಾರಾಯಣರ ತಂಡ 2005ರ ಹೊತ್ತಿಗೆ ತೋರಿಸಿತ್ತು. ನಮ್ಮಲ್ಲಿ ನಾಲ್ಕು ತಿಂಗಳ ಮಳೆ; ಉಳಿದ ಎಂಟು ತಿಂಗಳು ಬೀಡಿ ಕಟ್ಟುವ ಹೆಂಗಸು ಜಗಲಿಯ ನೆರಳಿನಲ್ಲಿ ಕಾಲು ಚಾಚಿ, ಮಡಿಲಲ್ಲಿ ಸೂಪು ಇಟ್ಟುಕೊಂಡು ಕುಳಿತಿರುತ್ತಾಳೆ. ತಂಗಿಯೂ 25 ವರ್ಷ ಬೀಡಿ ಕಟ್ಟಿದವಳೇ. ಊಟದ ಲೆಕ್ಕವೂ ಹಾಗೆಯೇ. ಘಟ್ಟದ ಮೇಲಿನವರ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ನಮ್ಮ ಅನ್ನದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುಳ್ಳು ಸಮೇತ ತಿನ್ನುವ ಸಣ್ಣ ಒಣಮೀನು ಆ ಕೊರತೆಯನ್ನು ಒಂದಿಷ್ಟು ತುಂಬೀತು. ಬಾವಿಯ ಹಗ್ಗ ಹೋಗಿ ಪಂಪು ಬಂದದ್ದರಿಂದ ನೀರು ಸೇದುವ ಭಾರವೂ ತಪ್ಪಿತು. ವೂಲ್ಫನ ನಿಯಮದ ಪ್ರಕಾರ ಪಕ್ಕಾಸು ಕಟ್ಟಿಸುತ್ತಿದ್ದುದು ಅದೇ ಭಾರ. ಹಾಗೆಂದು ಪಂಪು ಕಿತ್ತುಹಾಕಿ ಎಂದು ನಾನು ಹೇಳಲಾರೆ; ಅಮ್ಮ ಸೇದಿದಷ್ಟು ನೀರು ಯಾರೂ ಸೇದುವುದು ಬೇಡ. ಅಷ್ಟು ಸೇದಿಯೂ ಅವರ ಎಲುಬು ಉಳಿಯಲಿಲ್ಲವಲ್ಲ.

ನಾವು ಗಮನಿಸದೆ ಹೋದದ್ದು ಹೇಗೆಂಬ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ನಮ್ಮ ಅಡಿಗೆಮನೆಯಲ್ಲಿ ಮಜ್ಜಿಗೆಯ ಗಡಿಗೆಯನ್ನು ಇಡುವ ನೆಲುವೊಂದು ತೂಗುತ್ತಿತ್ತು. ಅಮ್ಮ ಬೀಳುವುದಕ್ಕೆ ನಾಲ್ಕೈದು ವರ್ಷ ಮೊದಲು, ಎಟಕುವುದಿಲ್ಲವೆಂದು ಹೇಳಿ, ಅದನ್ನು ಒಂದು ಗೇಣು ಕೆಳಕ್ಕೆ ನನ್ನ ಕೈಯಿಂದಲೇ ಕಟ್ಟಿಸಿಕೊಂಡರು. ಎರಡು ವರ್ಷ ಬಿಟ್ಟು ಮತ್ತೆ ನಾಲ್ಕು ಬೆರಳು ಇಳಿಸಿದೆ. ಬೆನ್ನೆಲುಬಿನ ಬಿಲ್ಲೆಗಳು ಒಂದೊಂದಾಗಿ ಸದ್ದಿಲ್ಲದೆ ಜಜ್ಜಿಹೋಗಿ ಆಕೆ ಕುಗ್ಗುತ್ತಿದ್ದರು. ಇಂಥ ಬಿಲ್ಲೆ ಮುರಿತಗಳಲ್ಲಿ ಮೂರರಲ್ಲಿ ಎರಡು ಯಾರ ಗಮನಕ್ಕೂ ಬಾರದೆ ಹೋಗುತ್ತವೆಂದು ಈಗ ಓದಿ ತಿಳಿದಿದ್ದೇನೆ. ದಿನವೂ ಪರರ ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸ ಕಂಡರೂ ರಾತ್ರಿ ಎಂಟರವರೆಗೆ ಕುಳಿತು ಹುಡುಕುತ್ತಿದ್ದ ನಾನು, ಹಗ್ಗವನ್ನು ಎರಡು ಸಲ ಇಳಿಸಿ ಕಟ್ಟಿ ಕೈ ತೊಳೆದುಕೊಂಡೆ.

ತಂಗಿಯ ಮನೆಯಲ್ಲಿ ನೆಲುವು ಇಲ್ಲ, ಫ್ರಿಜ್ಜಿದೆ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದ್ದಾಳೆ, ಒಳಗೆ ಹೊರಟುನೆಲ ಮಾಡಿಸಿದ್ದಾಳೆ. ಎರಡು ವರ್ಷದ ಮೇಲೆ ಅದೇ ಯಂತ್ರದಲ್ಲಿ ಮತ್ತೊಮ್ಮೆ ಡೆಕ್ಸಾ ಆಯಿತು, ಅಂಕ ಇಳಿದಿಲ್ಲ. ಅವಳ ಮೊಮ್ಮಗ ಪ್ರತಿ ಬಿಸುವಿಗೆ ಅಡಿಗೆಮನೆಯ ದಾರಂದಕ್ಕೆ ಬೆನ್ನುಕೊಟ್ಟು ನಿಂತು, ತಲೆಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿಸಿಕೊಳ್ಳುತ್ತಾನೆ. ಕಳೆದ ಎರಡು ವರ್ಷಗಳಿಂದ ಅಜ್ಜಿಯೂ ಅವನ ಪಕ್ಕದಲ್ಲಿ ನಿಲ್ಲುತ್ತಾಳೆ. ಈ ಸಲ ಗೆರೆ ಹಾಕಿದವನು ನಾನು. ಹುಡುಗನದು ಎರಡು ಬೆರಳು ಮೇಲೇರಿತ್ತು. ಅವಳದು ಹಿಂದಿನ ಗೆರೆಯ ಮೇಲೆಯೇ ಬಿತ್ತು.